ಪೆಂಗ್ವಿನ್ ಹತ್ತಿರ ಹೋಗುವ ಟಿಕೆಟ್: ಮುಟ್ಟುವುದಾ, ಮೀನು ಕೊಡುವುದಾ, ಸುಮ್ನೆ ಕೂರುವುದಾ?

ಪೆಂಗ್ವಿನ್ ಇರುವ ಅಕ್ವೇರಿಯಂನ ಬುಕಿಂಗ್ ಪುಟ ತೆರೆದರೆ ಯಾವುದನ್ನು ಆರಿಸಬೇಕು ಅಂತ ಗೊಂದಲವಾಗುತ್ತದೆ. ಪೆಂಗ್ವಿನ್ ಎನ್‌ಕೌಂಟರ್, ಪೆಂಗ್ವಿನ್ ಮೀಟ್, ಪೆಂಗ್ವಿನ್ ಫೀಡಿಂಗ್, ಬಿಹೈಂಡ್ ದಿ ಸೀನ್ಸ್ ಟೂರ್. ಹೆಸರು ನೋಡಿದರೆ ಎಲ್ಲಾ ಒಂದೇ ಥರ. ಒಳಗೆ ಸಿಗುವುದು ಮಾತ್ರ ಬೇರೆ ಬೇರೆ. ಒಂದು ಕಡೆ ಹಕ್ಕಿಯ ಬೆನ್ನು ಸವರಲು ಬಿಡುತ್ತಾರೆ. ಇನ್ನೊಂದು ಕಡೆ ಅದು ನಿಮ್ಮ ಶೂ ಲೇಸ್ ಎಳೆಯುವಷ್ಟು ಹತ್ತಿರ ಬರುತ್ತದೆ, ಆದರೆ ನೀವು ಕೈ ಚಾಚುವಂತಿಲ್ಲ. ಮತ್ತೊಂದು ಕಡೆ ಮೀನು ಕೊಡಬಹುದು, ಅಷ್ಟೇ.

ಇದರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ನೋಡುವುದು ಎಷ್ಟು ಹತ್ತಿರ ಬಿಡುತ್ತಾರೆ ಅನ್ನುವುದನ್ನಲ್ಲ. ಸಾಕು ಅನ್ನಿಸಿದಾಗ ಆ ಪೆಂಗ್ವಿನ್ ಎದ್ದು ಹೋಗಲು ದಾರಿ ಇದೆಯಾ? ಇದನ್ನು ನೋಡುತ್ತೇನೆ. ಹಕ್ಕಿಯ ಮೇಲಿನ ಕಾಳಜಿ ಒಂದು ಕಾರಣ. ಆದರೆ ನಿಮಗೆ ಸಿಗುವ ಅನುಭವ ಚೆನ್ನಾಗಿರುತ್ತದಾ ಇಲ್ಲವಾ ಅನ್ನುವುದೂ ಬಹುಪಾಲು ಇದರ ಮೇಲೇ ನಿಂತಿದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮುಟ್ಟುವ ಟಿಕೆಟ್

ಹೆಚ್ಚಿನವರು ಹುಡುಕುವುದು ಇದನ್ನೇ. ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲು ಒಂದು ಕೋಣೆಯಲ್ಲಿ ಕೂರಿಸಿ ಏನು ಮಾಡಬಹುದು, ಏನು ಮಾಡಬಾರದು ಅಂತ ಹೇಳುತ್ತಾರೆ. ಕೈ ತೊಳೆಸುತ್ತಾರೆ. ಶೂ ತಳವನ್ನು ಔಷಧಿ ನೀರಿನ ಟ್ರೇಯಲ್ಲಿ ಅದ್ದಿಸುತ್ತಾರೆ. ಆಮೇಲೆ ಹಕ್ಕಿಗಳನ್ನು ನೋಡಿಕೊಳ್ಳುವ ಕೀಪರ್ ಒಂದೋ ಎರಡೋ ಪೆಂಗ್ವಿನ್ ಜೊತೆ ಬರುತ್ತಾರೆ. ನಿಮ್ಮ ಸರದಿ ಬಂದಾಗ ಬೆನ್ನಿನ ಮೇಲೆ, ಕತ್ತಿನಿಂದ ಬಾಲದ ಕಡೆಗೆ, ಎರಡು ಬೆರಳಲ್ಲಿ ಮೆಲ್ಲಗೆ ಸವರಬಹುದು. ತಲೆ, ರೆಕ್ಕೆ, ಕಾಲು ಮುಟ್ಟುವಂತಿಲ್ಲ. ಟಿಕೆಟ್‌ನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಂತ ಬರೆದಿದ್ದರೂ ನಿಮ್ಮ ಬೆರಳು ಗರಿಯ ಮೇಲೆ ಇರುವುದು ಕೆಲವೇ ಕ್ಷಣ.

ನಾನು ಮೊದಲ ಸಲ ಹೋಗಿದ್ದು ಇಂಥದಕ್ಕೇ. ಎದುರಿಗಿದ್ದದ್ದು ಆಫ್ರಿಕನ್ ಪೆಂಗ್ವಿನ್, ರೆಕ್ಕೆಯ ಬುಡಕ್ಕೆ ಗುರುತಿನ ಹಸಿರು ಪಟ್ಟಿ. ರಬ್ಬರ್ ಚಾಪೆಯ ಮೇಲೆ ತನ್ನ ಪಾಡಿಗೆ ನಿಂತಿತ್ತು. ಮಖಮಲ್ ಥರ ಮೆತ್ತಗಿರುತ್ತದೆ ಅಂತ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಗರಿಗಳು ಒಂದರ ಮೇಲೊಂದು ಹೆಂಚಿನ ಹಾಗೆ ಒತ್ತಾಗಿ ಕೂತಿದ್ದವು. ಬೆರಳಿಗೆ ಗಟ್ಟಿಯಾಗಿ, ನುಣ್ಣಗೆ, ಜಾರುವ ಹಾಗೆ ಸಿಕ್ಕವು. ಮೂರು ಸಲ ಸವರಿದೆ, ಅಷ್ಟೇ. ಹಿಂದೆ ಸರಿದ ತಕ್ಷಣ ಅದು ಕತ್ತು ಹಿಂದಕ್ಕೆ ತಿರುಗಿಸಿ, ಕೊಕ್ಕನ್ನು ಬಾಲದ ಬುಡಕ್ಕೆ ಒತ್ತಿ, ನಾನು ಮುಟ್ಟಿದ ಜಾಗವನ್ನೇ ತಿದ್ದಲು ಶುರು ಮಾಡಿತು. ಒಂದೊಂದೇ ಗರಿ ಹಿಡಿದು, ಎಳೆದು, ಕೂರಿಸಿ. "ನಿಮ್ಮ ಬೆರಳು ಕೆದರಿದ್ದನ್ನು ಸರಿ ಮಾಡಿಕೊಳ್ತಾ ಇದೆ" ಅಂದರು ಕೀಪರ್. ಮುಟ್ಟಿದ್ದು ಹತ್ತು ಸೆಕೆಂಡ್ ಇರಬಹುದು. ಅದು ಗರಿ ತಿದ್ದಿಕೊಳ್ಳುವುದನ್ನು ಐದು ನಿಮಿಷ ನೋಡಿದೆ. ಇವತ್ತಿಗೂ ನೆನಪಿರುವುದು ಆ ಐದು ನಿಮಿಷವೇ.

ಅದು ಸುಮ್ನೆ ಅಂದಕ್ಕೆ ಮಾಡುವ ಕೆಲಸ ಅಲ್ಲ. ಬಾಲದ ಬುಡದಲ್ಲಿ ಎಣ್ಣೆ ಬರುವ ಗ್ರಂಥಿ ಇದೆ. ಅದರ ಎಣ್ಣೆಯನ್ನು ಕೊಕ್ಕಿನಿಂದ ಮೈಗೆಲ್ಲಾ ಹಚ್ಚಿಕೊಂಡು, ಗರಿಗಳನ್ನು ಒತ್ತಾಗಿ ಜೋಡಿಸಿಕೊಂಡರೆ ಮಾತ್ರ ನೀರು ಒಳಗೆ ಇಳಿಯುವುದಿಲ್ಲ. ಒಳಗಿನ ತುಪ್ಪಳ ಒಣಗಿದ್ದರೆ ಮೈ ಬೆಚ್ಚಗೆ. ಒದ್ದೆಯಾದರೆ ಚಳಿ ನೇರ ಚರ್ಮಕ್ಕೆ. ನಮ್ಮ ಕೈಯಲ್ಲಿರುವ ಸನ್‌ಸ್ಕ್ರೀನ್, ಲೋಷನ್, ಜಿಡ್ಡು ಇವೆಲ್ಲ ಆ ಹೊದಿಕೆಯನ್ನು ಕೆಡಿಸಬಲ್ಲವು. ಹಾಗಾಗಿ ಕೈ ತೊಳೆಯದೆ ಮುಟ್ಟಲು ಬಿಡುವ ಜಾಗ ಇದ್ದರೆ ಅಲ್ಲಿಂದ ವಾಪಸ್ ಬನ್ನಿ. ಇದರಲ್ಲಿ ರಿಯಾಯಿತಿ ಬೇಡ.

ಮುಟ್ಟುವ ಟಿಕೆಟ್‌ನಲ್ಲೇ ಎರಡು ಬಗೆ. ಕೆಲವು ಕಡೆ ಕೀಪರ್ ಹಕ್ಕಿಯನ್ನು ಹಿಡಿದುಕೊಂಡೇ ಇರುತ್ತಾರೆ, ಜನ ಸಾಲಾಗಿ ಬಂದು ಸವರಿ ಹೋಗುತ್ತಾರೆ. ಇನ್ನು ಕೆಲವು ಕಡೆ ಹಕ್ಕಿ ತಾನಾಗಿ ಚಾಪೆಯ ಮೇಲೋ ತಗ್ಗಾದ ಮೇಜಿನ ಮೇಲೋ ನಿಂತಿರುತ್ತದೆ, ಹಿಂದೆ ಬಾಗಿಲು ತೆರೆದಿರುತ್ತದೆ. ಎರಡರ ನಡುವೆ ಆಯ್ಕೆ ಇದ್ದರೆ ಕಣ್ಣು ಮುಚ್ಚಿಕೊಂಡು ಎರಡನೆಯದನ್ನೇ ತಗೊಳ್ಳಿ. ಹಿಡಿದುಕೊಂಡಿರುವ ಹಕ್ಕಿ ಅಲುಗಾಡದೆ ಇದ್ದರೆ ಅದಕ್ಕೆ ಖುಷಿ ಅಂತ ಅರ್ಥ ಅಲ್ಲ. ನಿಂತಿರುವ ಹಕ್ಕಿ ಮಾತ್ರ ತನಗೆ ಏನನ್ನಿಸುತ್ತಿದೆ ಅಂತ ತೋರಿಸಬಲ್ಲದು. ತೋರಿಸುತ್ತದೆ ಕೂಡ. ತಲೆ ತಿರುಗಿಸಿ ಒಂದು ಕಣ್ಣಿನಿಂದ ನೋಡಿ, ಮತ್ತೆ ಆ ಕಡೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ದುರುಗುಟ್ಟಿ ನೋಡುತ್ತಿದ್ದರೆ ನೋಡುವವರಿಗೆ ತುಂಬಾ ಮುದ್ದಾಗಿ ಕಾಣುತ್ತದೆ. ಆದರೆ ಆಫ್ರಿಕನ್ ಪೆಂಗ್ವಿನ್ ಭಾಷೆಯಲ್ಲಿ ಅದು "ಹತ್ತಿರ ಬರಬೇಡ" ಅನ್ನುವ ಎಚ್ಚರಿಕೆ. ಕೊಕ್ಕು ತೆರೆದು ನಿಂತರೆ ಮುಂದಿನದು ಕುಟುಕು. ಮೀನು ಹಿಡಿಯಲು ಮಾಡಿದ ಕೊಕ್ಕು ಅದು, ತುದಿ ಬಾಗಿ ಚೂಪಾಗಿದೆ, ಚರ್ಮ ಕಿತ್ತು ಬರಬಹುದು. ತೂಗಾಡುವ ಓಲೆ, ಸರ, ಹೊಳೆಯುವ ಗುಂಡಿ ಇವುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ.

ಕೂತು ಕಾಯುವ ಟಿಕೆಟ್

ಇದರಲ್ಲಿ ನೀವು ಪೆಂಗ್ವಿನ್ ಇರುವ ಜಾಗದ ಒಳಗೇ ಹೋಗುತ್ತೀರಿ, ಒಂದು ಕಡೆ ಕೂರುತ್ತೀರಿ, ಕೈ ಮಡಿಲಲ್ಲೇ ಇಟ್ಟುಕೊಳ್ಳುತ್ತೀರಿ. ಬರುವುದು ಬಿಡುವುದು ಪೆಂಗ್ವಿನ್‌ಗೆ ಬಿಟ್ಟದ್ದು. ಓದಿದರೆ ಸಪ್ಪೆ ಅನ್ನಿಸಬಹುದು. ಆದರೆ ಎರಡನ್ನೂ ನೋಡಿದ ಮೇಲೆ ನನ್ನ ಒಲವು ಇದರ ಕಡೆಗೇ.

ಯಾಕೆ ಅಂದರೆ ಮುಟ್ಟುವ ಕಡೆ ನೋಡಲು ಸಿಗುವುದು ಒಂದು ಹಕ್ಕಿ. ಇಲ್ಲಿ ಇಡೀ ಊರು. ಗೂಡಿಗೆ ಕಲ್ಲು ಹೊತ್ತು ತರುವುದು, ಜೋಡಿಗಳು ಒಂದರ ಕತ್ತನ್ನು ಇನ್ನೊಂದು ನೇವರಿಸುವುದು, ಪಕ್ಕದ ಮನೆಯದರ ಜೊತೆ ಜಗಳ. ಆಫ್ರಿಕನ್ ಪೆಂಗ್ವಿನ್ ಆದರೆ ಕತ್ತೆ ಕಿರುಚಿದ ಹಾಗೆ ಕೂಗುತ್ತದೆ, ಅದನ್ನು ಎರಡು ಅಡಿ ದೂರದಲ್ಲಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನೀರಿನಿಂದ ಎದ್ದು ಬಂದ ಹಕ್ಕಿ ತಲೆ ಜಾಡಿಸಿದಾಗ ಕೊಕ್ಕಿನ ತುದಿಯಿಂದ ಹನಿ ಸಿಡಿಯುತ್ತದೆ. ಕಣ್ಣಿನ ಮೇಲಿರುವ ಗ್ರಂಥಿ ರಕ್ತದಲ್ಲಿನ ಹೆಚ್ಚಿನ ಉಪ್ಪನ್ನು ಹೀಗೇ ಹೊರಹಾಕುತ್ತದೆ. ಇದೆಲ್ಲ ಕಣ್ಣಿಗೆ ಬೀಳಬೇಕಾದರೆ ಹಕ್ಕಿಗಳು ನಿಮ್ಮನ್ನು ಮರೆತು ತಮ್ಮ ಕೆಲಸ ಮಾಡಿಕೊಂಡಿರಬೇಕು.

ಹಕ್ಕಿಗಳ ಪಾಲಿಗೂ ಇದು ಮೇಲು ಅನ್ನಲು ಆಧಾರ ಇದೆ. ಷಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯದಲ್ಲಿ ಆಫ್ರಿಕನ್ ಪೆಂಗ್ವಿನ್‌ಗಳ ಜೊತೆ ಇಂಥದ್ದೇ ಮುಟ್ಟದ ಭೇಟಿ ನಡೆಯುತ್ತಿತ್ತು. ಬರುವ ಮನಸ್ಸಿದ್ದ ಹಕ್ಕಿಗಳು ಮಾತ್ರ ಬರುತ್ತಿದ್ದವು. ಆ ಹಕ್ಕಿಗಳ ನಡವಳಿಕೆಯನ್ನು ಗಮನಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಭೇಟಿಯಿಂದ ಅವುಗಳಿಗೆ ತೊಂದರೆ ಆದ ಲಕ್ಷಣ ಕಾಣಲಿಲ್ಲ. ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಆಸ್ಟ್ರೇಲಿಯಾದ ಮೆಲ್ಬರ್ನ್ ಮೃಗಾಲಯದಲ್ಲಿ ಲಿಟಲ್ ಪೆಂಗ್ವಿನ್ ಅನ್ನುವ ಚಿಕ್ಕ ಜಾತಿಯ ಹಕ್ಕಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. ಜನ ನೋಡಲು ಬಂದಾಗ ಅವು ಜಾಸ್ತಿ ಅವಿತುಕೊಳ್ಳುತ್ತಿದ್ದವು, ಜಾಸ್ತಿ ಎಚ್ಚರದಲ್ಲಿರುತ್ತಿದ್ದವು, ತಮ್ಮ ತಮ್ಮಲ್ಲೇ ಕಿತ್ತಾಟವೂ ಹೆಚ್ಚಾಗಿತ್ತು. ಅಲ್ಲಿ ಯಾರೂ ಮುಟ್ಟಿರಲಿಲ್ಲ, ಸುಮ್ನೆ ನೋಡಿದ್ದು. ಹಾಗಾದರೆ ಮುಟ್ಟದಿದ್ದರೆ ಸಾಕು, ಹಕ್ಕಿಗೆ ಏನೂ ಆಗುವುದಿಲ್ಲ ಅಂತಲೂ ಅಂದುಕೊಳ್ಳುವ ಹಾಗಿಲ್ಲ. ಯಾವ ಜಾತಿ, ಜನರಿಗೆ ಎಷ್ಟು ಒಗ್ಗಿದೆ, ಅವಿತುಕೊಳ್ಳಲು ಜಾಗ ಇದೆಯಾ, ಬಂದವರು ಹೇಗೆ ನಡೆದುಕೊಳ್ಳುತ್ತಾರೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಈ ಟಿಕೆಟ್‌ನ ಕೊರತೆಯನ್ನೂ ಹೇಳಿಬಿಡುತ್ತೇನೆ. ಒಮ್ಮೊಮ್ಮೆ ಒಂದೂ ಹತ್ತಿರ ಬರುವುದಿಲ್ಲ. ಮಕ್ಕಳಿಗೆ ಅದು ನಿಜವಾಗಿ ಬೇಸರದ ವಿಷಯ. ಹೋಗುವ ಮುಂಚೆಯೇ ಅವರಿಗೆ ಹೇಳಿ ಕರೆದುಕೊಂಡು ಹೋದರೆ ಒಳ್ಳೆಯದು.

ಮೀನು ಕೊಡುವ ಟಿಕೆಟ್

ಸಾಕಷ್ಟು ಜನ ಇದನ್ನು ಮುಟ್ಟುವುದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅಂತ ಭಾವಿಸುತ್ತಾರೆ. ಹಾಗಲ್ಲ. ಅಕ್ವೇರಿಯಂನ ದಿನನಿತ್ಯದ ಕೆಲಸ ನೋಡುವ ಆಸೆ ಇದ್ದರೆ ಇದೇ ಸರಿ. ಮೀನನ್ನು ತಲೆ ಮುಂದಾಗಿ ಹಿಡಿಯಬೇಕು. ಬಾಲ ಮುಂದಾದರೆ ನುಂಗುವಾಗ ಕಿವಿರು, ಈಜುರೆಕ್ಕೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಹಕ್ಕಿ ಬಾಯಿ ತೆರೆದಾಗ ಗಮನಿಸಿ. ನಾಲಿಗೆಯ ಮೇಲೆ, ಅಂಗುಳದ ಮೇಲೆ ಒಳಮುಖವಾಗಿ ಬಾಗಿದ ಮುಳ್ಳುಗಳ ಸಾಲು ಕಾಣುತ್ತದೆ. ಜಾರುವ ಮೀನು ವಾಪಸ್ ಬರದಿರಲಿ ಅಂತ ಆ ಏರ್ಪಾಡು.

ಕೆಲವು ಮೀನುಗಳ ಕಿವಿರಿನೊಳಗೆ ಮಾತ್ರೆ ಇಟ್ಟಿರುತ್ತಾರೆ. ಫ್ರೀಜ್ ಮಾಡಿ ಕರಗಿಸಿದ ಮೀನಿನಲ್ಲಿ ವಿಟಮಿನ್ ಬಿ1 ಕಡಿಮೆಯಾಗಿರುತ್ತದೆ, ಅದನ್ನು ತುಂಬಿಕೊಡಲು. ಯಾರ ಪಟ್ಟಿ ಯಾವ ಬಣ್ಣ, ಯಾರು ಎಷ್ಟು ತಿಂದರು ಅಂತ ಕೀಪರ್ ಬರೆದುಕೊಳ್ಳುತ್ತಾ ಹೋಗುತ್ತಾರೆ. ನಿನ್ನೆ ಐದು ತಿಂದದ್ದು ಇವತ್ತು ಎರಡಕ್ಕೇ ಮುಖ ತಿರುಗಿಸಿದರೆ ಅದು ಅವರಿಗೆ ದೊಡ್ಡ ಸುದ್ದಿ. ಪೆಂಗ್ವಿನ್ ಕಾಯಿಲೆ ಬಿದ್ದರೆ ಹೊರಗೆ ತೋರಿಸಿಕೊಳ್ಳುವುದಿಲ್ಲ, ಮೊದಲು ಗೊತ್ತಾಗುವುದು ಊಟದಲ್ಲೇ. ಆ ಪುಸ್ತಕ ತೋರಿಸಿ ಅಂತ ಕೇಳಿ. ಖುಷಿಯಿಂದ ತೋರಿಸುವವರೇ ಜಾಸ್ತಿ.

ಇಲ್ಲೂ ನನ್ನ ಅದೇ ಅಳತೆಗೋಲು. ಹಸಿವಿದ್ದಾಗ ಬಂದು, ಹೊಟ್ಟೆ ತುಂಬಿದ ಮೇಲೆ ಹೊರಟುಹೋಗುವ ಸ್ವಾತಂತ್ರ್ಯ ಹಕ್ಕಿಗೆ ಇರುತ್ತದೆ. ಬಾಲ್ದಿ ಖಾಲಿ ಮಾಡಲೇಬೇಕು ಅಂತ ಬಂದವರಿಗೆಲ್ಲಾ ಮೀನು ಹಂಚುವ ಕಡೆ ಮಾತ್ರ ಹುಷಾರು.

ಗಾಜಿನ ಆಚೆ, ಮೆರವಣಿಗೆ, ಕಡಲತೀರ

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಪೆಂಗ್ವಿನ್ ನಿಜಕ್ಕೂ ಏನು ಅಂತ ಗೊತ್ತಾಗುವುದು ನೀರಿನೊಳಗೆ, ಅದಕ್ಕೆ ಗಾಜಿನ ಗೋಡೆಯೇ ಬೇಕು. ಜೆಂಟೂ ಪೆಂಗ್ವಿನ್ ಗಂಟೆಗೆ 36 ಕಿಲೋಮೀಟರ್‌ವರೆಗೆ ಈಜಬಲ್ಲದು. ನೆಲದ ಮೇಲೆ ತೊಯ್ದಾಡುವ ಹಕ್ಕಿ ಗಾಜಿನ ಪಕ್ಕ ಬಾಣದ ಹಾಗೆ ಹೋಗುವುದನ್ನು ನೋಡಲು ಬೇರೆ ಟಿಕೆಟ್ ಬೇಕಿಲ್ಲ. ಫೋಟೋ ಆಸೆ ಇರುವವರಿಗೂ ಇದೇ ಸರಿ, ಯಾಕೆಂದರೆ ಒಳಗೆ ಹೋಗುವ ಭೇಟಿಗಳಲ್ಲಿ ಬಹಳಷ್ಟು ಕಡೆ ಫೋನ್ ಹೊರಗೇ ಇಡಿಸುತ್ತಾರೆ.

ಮೆರವಣಿಗೆ ಅಂದರೆ ಸ್ಕಾಟ್ಲೆಂಡಿನ ಎಡಿನ್‌ಬರಾ ಮೃಗಾಲಯದ್ದು ಹೆಸರುವಾಸಿ. 1951ರಲ್ಲಿ ಆಕಸ್ಮಿಕವಾಗಿ ಗೇಟು ತೆರೆದು ಉಳಿದು ಪೆಂಗ್ವಿನ್‌ಗಳು ಹೊರಗೆ ಬಂದವು. ಜನಕ್ಕೆ ಎಷ್ಟು ಇಷ್ಟವಾಯಿತೆಂದರೆ ಅದೇ ರೂಢಿಯಾಯಿತು. ಗೇಟು ತೆರೆಯುತ್ತಿದ್ದರು, ಬರುವವು ಬರುತ್ತಿದ್ದವು, ಉಳಿದವು ಉಳಿಯುತ್ತಿದ್ದವು. ಜಪಾನಿನ ಹೊಕ್ಕೈಡೊದಲ್ಲಿರುವ ಅಸಾಹಿಯಾಮಾ ಮೃಗಾಲಯದಲ್ಲಿ ಚಳಿಗಾಲದಲ್ಲಿ ಕಿಂಗ್ ಪೆಂಗ್ವಿನ್‌ಗಳು ಹಿಮದ ಮೇಲೆ ನಡೆಯುತ್ತವೆ. ಅವುಗಳಿಗೆ ವ್ಯಾಯಾಮ ಆಗಲಿ ಅಂತ ಶುರು ಮಾಡಿದ್ದು. ಚಿಕ್ಕ ಮಕ್ಕಳಿದ್ದರೆ ಇಂಥ ಮೆರವಣಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ.

ಕಡಲತೀರದಲ್ಲಿ ಸ್ವತಂತ್ರವಾಗಿ ಬದುಕುವ ಪೆಂಗ್ವಿನ್ ನೋಡಬೇಕು ಅಂದರೆ ಮುಟ್ಟುವ ಮಾತೇ ಇಲ್ಲ. ದಕ್ಷಿಣ ಆಫ್ರಿಕಾದ ಬೌಲ್ಡರ್ಸ್ ಬೀಚ್‌ನಲ್ಲಿ ಮರದ ಹಲಗೆಯ ದಾರಿಯಲ್ಲಿ ನಿಂತು ನೋಡಬಹುದು. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿ ಸಂಜೆ ಲಿಟಲ್ ಪೆಂಗ್ವಿನ್‌ಗಳು ಕಡಲಿನಿಂದ ಮೇಲೆ ಬರುವಾಗ ಕ್ಯಾಮೆರಾಗೂ ಅವಕಾಶ ಇಲ್ಲ. ಅಂಟಾರ್ಕ್ಟಿಕಾಕ್ಕೆ ಹೋಗುವ ಪ್ರವಾಸಿಗರಿಗೆ 5 ಮೀಟರ್ ದೂರದ ನಿಯಮ.

ಯಾವ ಪೆಂಗ್ವಿನ್ ಅಂತ ಕೇಳಿದಿರಾ?

ಇದನ್ನು ಬಹಳ ಜನ ಕೇಳುವುದೇ ಇಲ್ಲ. ಪೆಂಗ್ವಿನ್ ಅಂದರೆ ಹಿಮ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಮುಟ್ಟಲು ಬಿಡುವ ಕಡೆ ಸಿಗುವುದು ಸಾಮಾನ್ಯವಾಗಿ ಬೆಚ್ಚಗಿನ ತೀರಗಳ ಹಕ್ಕಿಗಳು: ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಆಫ್ರಿಕನ್ ಪೆಂಗ್ವಿನ್, ಪೆರು ಮತ್ತು ಚಿಲಿಯ ಹಂಬೋಲ್ಟ್. ನಮಗೆ ಹಿತವಾದ ಗಾಳಿಯಲ್ಲಿ ಇವೂ ಆರಾಮಾಗಿರುತ್ತವೆ. ಆಫ್ರಿಕನ್ ಪೆಂಗ್ವಿನ್ ನಮ್ಮ ಮೊಣಕಾಲಿನಿಂದ ಸ್ವಲ್ಪ ಮೇಲೆ, 60ರಿಂದ 70 ಸೆಂಟಿಮೀಟರ್, ತೂಕ ಸುಮಾರು 3 ಕಿಲೋ. ಕಣ್ಣಿನ ಮೇಲೆ ಗುಲಾಬಿ ಬಣ್ಣದ ಬರಿ ಚರ್ಮ ಇದೆ. ಸೆಕೆಯಾದಾಗ ಅಲ್ಲಿಗೆ ರಕ್ತ ಹೆಚ್ಚು ಹರಿದು, ಗಾಳಿಗೆ ತಣಿದು, ಮೈ ತಂಪಾಗುತ್ತದೆ. ಆ ಗುಲಾಬಿ ತುಂಬಾ ಗಾಢವಾಗಿದ್ದರೆ ಹಕ್ಕಿಗೆ ಸೆಕೆ ಅಂತ ತಿಳಿಯಬಹುದು.

ಚಳಿ ಪ್ರದೇಶದ ಕಿಂಗ್, ಜೆಂಟೂ ಇರುವ ಕೋಣೆಗಳೇ ಬೇರೆ. ಒಳಗೆ ಕೊರೆಯುವ ಚಳಿ, ಯಂತ್ರದಿಂದ ಮಾಡಿದ ಹಿಮ, ಸೋಸಿದ ಗಾಳಿ. ಗಾಳಿಯಲ್ಲಿ ತೇಲುವ ಒಂದು ಬೂಷ್ಟು ಪೆಂಗ್ವಿನ್‌ಗಳ ಶ್ವಾಸಕೋಶಕ್ಕೆ ಹತ್ತಿ ಜೀವ ತೆಗೆಯಬಲ್ಲದು, ಅದಕ್ಕೆ ಆ ಎಚ್ಚರಿಕೆ. ಇಂಥಲ್ಲಿ ಹೊರಗಿನವರನ್ನು ಬಿಟ್ಟರೂ ದಪ್ಪ ಸೂಟ್ ಹಾಕಿಸಿ, ಸ್ವಲ್ಪ ಹೊತ್ತು ಮಾತ್ರ. ಕಿಂಗ್ ಪೆಂಗ್ವಿನ್ 11ರಿಂದ 16 ಕಿಲೋ ತೂಗುತ್ತದೆ, ಎದುರು ನಿಂತರೆ ಗಂಭೀರ ಮುಖ. ಜೆಂಟೂಗಳಿಗೆ ಕುತೂಹಲ ಜಾಸ್ತಿ.

ಯಾವಾಗ ಹೋಗಬಾರದು, ಯಾರಿಗೆ ಸರಿಯಲ್ಲ

ವರ್ಷಕ್ಕೊಂದು ಸಲ ಪೆಂಗ್ವಿನ್ ಮೈಮೇಲಿನ ಗರಿಯನ್ನೆಲ್ಲಾ ಒಟ್ಟಿಗೆ ಉದುರಿಸಿ ಹೊಸದನ್ನು ತೊಡುತ್ತದೆ. ಎರಡು ಮೂರು ವಾರದ ಕೆಲಸ. ಆಗ ನೀರಿಗೆ ಇಳಿಯುವ ಹಾಗಿಲ್ಲ. ಮುಂಚೆಯೇ ಚೆನ್ನಾಗಿ ತಿಂದು ದಪ್ಪಗಾಗಿ, ಆಮೇಲೆ ಉಪವಾಸ ನಿಲ್ಲುತ್ತದೆ. ಕಿರಿಕಿರಿಯ ದಿನಗಳು ಅವು. ಗರಿ ಉದುರುತ್ತಿರುವ ಹಕ್ಕಿಯನ್ನು ಭೇಟಿಗೆ ತರುವ ಜಾಗ ಚೆನ್ನಾಗಿಲ್ಲ ಅಂತಲೇ ನಾನು ಹೇಳುತ್ತೇನೆ. ಹಕ್ಕಿಜ್ವರ ಹರಡಿರುವ ಸಮಯದಲ್ಲಿ ಭೇಟಿಗಳು ಒಮ್ಮೆಲೇ ರದ್ದಾಗಬಹುದು, ದುಡ್ಡು ವಾಪಸ್ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಕೋಳಿ ಇದ್ದರೆ, ಇತ್ತೀಚೆಗೆ ಕೋಳಿ ಫಾರಂಗೆ ಹೋಗಿದ್ದರೆ ಮುಚ್ಚಿಡದೆ ಹೇಳಿ. ನಿಮ್ಮ ಶೂಗೆ ಅಂಟಿಕೊಂಡು ಹೋದ ರೋಗ ಇಡೀ ಗುಂಪಿಗೆ ಹರಡಬಹುದು.

ಹೇಳಿದ ಮಾತು ಕೇಳಿ ಹತ್ತು ನಿಮಿಷ ಕೂರಲಾರದ ಮಗುವಿಗೆ ಮುಟ್ಟುವ ಟಿಕೆಟ್ ಬೇಡ. ಮಂಡಿನೋವು ಇರುವ ಹಿರಿಯರಿಗೆ ಸ್ಟೂಲ್ ಕೊಡುತ್ತಾರಾ ಕೇಳಿ, ನೆಲ ಒದ್ದೆಯಾಗಿ ಜಾರುತ್ತದೆ. ಆಸ್ತಮಾ ಇದ್ದವರಿಗೆ ಹಿಕ್ಕೆಯ ಘಾಟು ತೊಂದರೆ ಕೊಡಬಹುದು. ಹಕ್ಕಿಗಳಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಗಲುವ ಸಾಧ್ಯತೆ ಇರುವುದರಿಂದ ಹೊರಗೆ ಬಂದ ಮೇಲೂ ಕೈ ತೊಳೆಯಬೇಕು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಗಾಜಿನ ಈಚೆಯೇ ಇದ್ದರೆ ಕ್ಷೇಮ.

ನಿಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ

2024ರಲ್ಲಿ ಆಫ್ರಿಕನ್ ಪೆಂಗ್ವಿನ್ ಅಳಿವಿನ ಅತಿ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಮರಿ ಮಾಡುವ ಜೋಡಿಗಳು 10,000ಕ್ಕೂ ಕಡಿಮೆ. ಅವು ತಿನ್ನುವ ಸಾರ್ಡಿನ್, ಆಂಚೊವಿ ಮೀನು ಆ ಕಡಲಲ್ಲಿ ಕಡಿಮೆಯಾಗಿರುವುದು ದೊಡ್ಡ ಕಾರಣ. ಎರಡು ಅಕ್ವೇರಿಯಂ ನಡುವೆ ಆರಿಸುವಾಗ ಈ ಹಕ್ಕಿಗಳಿಗಾಗಿ ಕಡಲತೀರದಲ್ಲಿ ನೀವು ಏನು ಮಾಡುತ್ತೀರಿ ಅಂತ ಕೇಳಿ. "ಜಾಗೃತಿ ಮೂಡಿಸುತ್ತೇವೆ" ಅಂದರೆ ಸಾಲದು. ಯಾವ ಕಾಲೊನಿ (ಪೆಂಗ್ವಿನ್‌ಗಳು ಗುಂಪಾಗಿ ಗೂಡು ಕಟ್ಟುವ ಜಾಗ), ಏನು ಕೆಲಸ, ಯಾರನ್ನು ಕಳಿಸಿದಿರಿ ಅನ್ನುವುದಕ್ಕೆ ಉತ್ತರ ಬರಬೇಕು.

ಇದು ಬರೀ ಮಾತಲ್ಲ. 2000ದ ಜೂನ್‌ನಲ್ಲಿ ಕೇಪ್ ಟೌನ್ ಹತ್ತಿರ ಟ್ರೆಷರ್ ಅನ್ನುವ ಹಡಗು ಮುಳುಗಿ ಎಣ್ಣೆ ಚೆಲ್ಲಿತು. ಸುಮಾರು 19,000 ಪೆಂಗ್ವಿನ್‌ಗಳು ಎಣ್ಣೆಯಲ್ಲಿ ಅದ್ದಿಹೋದವು. ಸಾವಿರಾರು ಸ್ವಯಂಸೇವಕರು ಬಂದರು. ಆದರೆ ಹೆದರಿದ ಪೆಂಗ್ವಿನ್ ಹಿಡಿಯುವುದು ಹೇಗೆ, ಕೊಕ್ಕಿಗೆ ಸಿಗದೆ ಮೀನು ತಿನ್ನಿಸುವುದು ಹೇಗೆ ಅಂತ ಯಾರಾದರೂ ಹೇಳಿಕೊಡಬೇಕಿತ್ತು. ಹಾಗೆ ಹೇಳಿಕೊಟ್ಟವರಲ್ಲಿ ಬೇರೆ ಬೇರೆ ದೇಶಗಳ ಮೃಗಾಲಯ, ಅಕ್ವೇರಿಯಂಗಳಿಂದ ಬಂದವರೂ ಇದ್ದರು. ಒಂದೊಂದೇ ಹಕ್ಕಿಯನ್ನು ತೊಳೆದು, ಗರಿಗೆ ಮತ್ತೆ ನೀರು ತಡೆಯುವ ಶಕ್ತಿ ಬರುವವರೆಗೆ ಸಾಕಿ ಕಡಲಿಗೆ ಬಿಟ್ಟರು. ಬಹುಪಾಲು ಬದುಕಿದವು. ನಾನು ಸವರಿದ ಗರಿಯನ್ನು ಹಸಿರು ಪಟ್ಟಿಯ ಹಕ್ಕಿ ಅಷ್ಟು ಶ್ರದ್ಧೆಯಿಂದ ತಿದ್ದಿಕೊಂಡದ್ದು ಯಾಕೆ ಅಂತ ಇದನ್ನು ಓದಿದ ಮೇಲೆ ನನಗೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಕೊನೆಗೆ ಎರಡು ಟಿಕೆಟ್ ನಡುವೆ ಮನಸ್ಸು ಓಲಾಡುತ್ತಿದ್ದರೆ ಎರಡೂ ಕಡೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ನಾವು ಬರುವ ದಿನ ಯಾವ ಪೆಂಗ್ವಿನ್‌ಗೂ ಹೊರಗೆ ಬರುವ ಮನಸ್ಸಿಲ್ಲ ಅಂದರೆ ಏನು ಮಾಡುತ್ತೀರಿ?" "ಹಾಗೇನೂ ಆಗಲ್ಲ, ಎತ್ತಿಕೊಂಡು ಬರ್ತೀವಿ" ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. "ಸ್ವಲ್ಪ ಹೊತ್ತು ಕಾಯ್ತೀವಿ, ಬರಲಿಲ್ಲ ಅಂದರೆ ಇನ್ನೊಂದು ದಿನ ಕೊಡ್ತೀವಿ" ಅಂದರೆ ಅಲ್ಲೇ ಬುಕ್ ಮಾಡಿ.